ಬಾತುಮೊಟ್ಟೆಗೆ ಮನೆಯಲ್ಲಿ ಕಾವು

ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವುದು ನಮ್ಮ ಹಳ್ಳಿಮನೆಗಳಿಗೆ ಹೊಸ ಸಂಗತಿಯಲ್ಲ. ಬುಟ್ಟಿಯೊಂದರಲ್ಲಿ ಒಣಹುಲ್ಲು ಹಾಸಿ, ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟು, ಕಾವಿಗೆ ಬಂದ ಹೇಂಟೆಯನ್ನು ಕೂರಿಸಿದರೆ ಇಪ್ಪತ್ತೊಂದನೆಯ ದಿನ ಬುಟ್ಟಿಯೊಳಗಿಂದ ಮರಿಗಳ ಸದ್ದು ಕೇಳಿಸುತ್ತದೆ. ಹೇಂಟೆ ಇಲ್ಲದವರು ಥರ್ಮೋಕೋಲ್ ಪೆಟ್ಟಿಗೆಗೆ ಬಲ್ಬು ಜೋಡಿಸಿ, ಬಟ್ಟಲಿನಲ್ಲಿ ನೀರಿಟ್ಟು ಅದೇ ಕೆಲಸ ಮಾಡಿಸುವುದುಂಟು. ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ಇಂಥ ಪೆಟ್ಟಿಗೆಯನ್ನು ನೀವು ನೋಡಿರಬಹುದು, ನೀವೇ ಮಾಡಿರಲೂಬಹುದು. ಕೋಳಿಯಲ್ಲಿ ಒಮ್ಮೆ ಗೆದ್ದವರಿಗೆ ಮುಂದಿನ ಸಲ ಬಾತುಕೋಳಿಯ ಅಥವಾ ಹೆಬ್ಬಾತಿನ ಮೊಟ್ಟೆ ಇಟ್ಟು ನೋಡೋಣ ಎನ್ನಿಸುವುದು ಸಹಜ. ತೊಡಕು ಶುರುವಾಗುವುದು ಅಲ್ಲಿಯೇ. ಮೂರು ವಾರ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಮೊಟ್ಟೆಯನ್ನು ದೀಪಕ್ಕೆ ಹಿಡಿದರೆ ಒಳಗೆ ಮರಿ ಮಿಸುಕಾಡುವುದು ಕಾಣುತ್ತದೆ. 28ನೆಯ ದಿನ ಬರುತ್ತದೆ, ಕಳೆದೂ ಹೋಗುತ್ತದೆ. 31ನೆಯ ದಿನ ಬೇಸತ್ತು ಮೊಟ್ಟೆ ಒಡೆದರೆ, ತುಪ್ಪಳ, ಕೊಕ್ಕು, ಜಾಲಪಾದ ಎಲ್ಲವೂ ಮೂಡಿದ ಮರಿ ಒಳಗೇ ಸತ್ತಿರುತ್ತದೆ.

ಹೀಗೇಕಾಗುತ್ತದೆ? ಮರಿ ಸತ್ತದ್ದು ಕೊನೆಯ ಎರಡು ದಿನಗಳಲ್ಲಿ. ಆದರೆ ಅದಕ್ಕೆ ಕಾರಣವಾದ ತಪ್ಪು ಬಹುಮಟ್ಟಿಗೆ ಹಿಂದಿನ ನಾಲ್ಕು ವಾರಗಳಲ್ಲಿ ನಡೆದಿರುತ್ತದೆ. ಕೋಳಿಗೆಂದು ರೂಢಿಯಾದ ಕ್ರಮವನ್ನು ನೀರಹಕ್ಕಿಯ ಮೊಟ್ಟೆಗೆ ಹಾಗೆಯೇ ಅನ್ವಯಿಸಿದ್ದೇ ಆ ತಪ್ಪು. ಪರದೆಯ ಮೇಲಿನ ಮಾತಿನಲ್ಲಿ ಲೆಕ್ಕಾಚಾರಗಳನ್ನು ಬಿಡಿಸಿ ಹೇಳಲು ಅವಕಾಶ ಕಡಿಮೆ. ಆದ್ದರಿಂದ ಅವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲಿಗೆ ಹಕ್ಕಿಗಳ ಪರಿಚಯ. ನಮ್ಮಲ್ಲಿ ಸಾಕುವ ಸಾಮಾನ್ಯ ಬಾತುಕೋಳಿಗಳೆಲ್ಲ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿ. ಇವುಗಳ ಮೊಟ್ಟೆಗೆ 28 ದಿನದ ಕಾವು ಬೇಕು. ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕೊವಿ ಬಾತು ಬೇರೆಯೇ ಜಾತಿ, ದಕ್ಷಿಣ ಹಾಗೂ ಮಧ್ಯ ಅಮೆರಿಕದಿಂದ ಬಂದದ್ದು. ಅದಕ್ಕೆ ಸುಮಾರು 35 ದಿನ. ಹೆಬ್ಬಾತಿಗೆ 28ರಿಂದ 32 ದಿನ. ಕೆಲವು ಮನೆಗಳ ಅಂಗಳದಲ್ಲಿ ಕತ್ತು ನೀಡಿಕೊಂಡು ಬಂದವರನ್ನೆಲ್ಲ ಅಟ್ಟಿಸಿಕೊಂಡು ಹೋಗುವ ಬಿಳಿಯ ದೊಡ್ಡ ಹಕ್ಕಿಯನ್ನು ಜನ 'ಹಂಸ' ಎಂದು ಕರೆಯುವುದುಂಟು. ಅದು ಹಂಸವಲ್ಲ, ಹೆಬ್ಬಾತು. ಇನ್ನು ಕೆರೆಯಂಚಿನ ಕಾಡುಬಾತುಗಳ ಗೂಡಿನಿಂದ ಮೊಟ್ಟೆ ಎತ್ತಿ ತರುವ ಯೋಚನೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ.

ಬಾತುಕೋಳಿ ತಾನೇ ಕಾವು ಕೂರಬಾರದೇ ಎಂದು ನೀವು ಕೇಳಬಹುದು. ಮಸ್ಕೊವಿಯೇನೋ ಒಳ್ಳೆಯ ತಾಯಿ. ಆದರೆ ಹೆಚ್ಚು ಮೊಟ್ಟೆಗಾಗಿ ಬೆಳೆಸಿದ ತಳಿಗಳು ಕಾವು ಕೂರುವ ಗುಣವನ್ನೇ ಬಹುಮಟ್ಟಿಗೆ ಕಳೆದುಕೊಂಡಿವೆ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಗೃಹಿಣಿ ಬೆಳೆಸಿದ ಖಾಕಿ ಕ್ಯಾಂಪ್‌ಬೆಲ್ ತಳಿಯನ್ನೇ ನೋಡಿ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಬಾತುಕೋಳಿ ತಳಿ ಕ್ಷೇತ್ರವಿದ್ದುದರಿಂದ ನಮ್ಮ ರೈತರಿಗೂ ಇದು ಪರಿಚಿತ. ಚೆನ್ನಾಗಿ ಮೇಯಿಸಿದರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆಯಿಡಬಲ್ಲದು. ವರ್ಷವಿಡೀ ಮೊಟ್ಟೆಯಿಡುವ ಹಕ್ಕಿಗೆ ಕಾವು ಕೂರಲು ಬಿಡುವೆಲ್ಲಿ! ಹಾಗಾಗಿ ಪೆಟ್ಟಿಗೆಯೋ ಬಾಡಿಗೆ ತಾಯಿಯೋ ಬೇಕಾಗುತ್ತದೆ.

ಮೊಟ್ಟೆ ತೂಕ ಕಳೆದುಕೊಳ್ಳಬೇಕು

ಮೊಟ್ಟೆಯ ಚಿಪ್ಪು ಗಟ್ಟಿ ಗೋಡೆಯಂತೆ ಕಂಡರೂ ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಕೋಳಿಮೊಟ್ಟೆಯಲ್ಲಿ ಇವು ಸುಮಾರು 10,000. ಇವುಗಳ ಮೂಲಕ ಆಮ್ಲಜನಕ ಒಳಗೆ ಹೋಗುತ್ತದೆ. ಇಂಗಾಲದ ಡೈ ಆಕ್ಸೈಡ್ ಮತ್ತು ನೀರಿನ ಆವಿ ಹೊರಗೆ ಬರುತ್ತವೆ. ಒಳಗಿನ ಭ್ರೂಣ ಹಳದಿಯಲ್ಲಿರುವ ಕೊಬ್ಬನ್ನು ಉರಿಸಿ ಶಕ್ತಿ ಪಡೆಯುತ್ತದೆ. ಕೊಬ್ಬು ಉರಿದಾಗ ನೀರು ಹುಟ್ಟುತ್ತದೆ ಎಂಬುದನ್ನು ನೀವು ರಸಾಯನಶಾಸ್ತ್ರದಲ್ಲಿ ಓದಿರುತ್ತೀರಿ. ಹೀಗೆ ಹುಟ್ಟಿದ ನೀರು ಹೊರಗೆ ಹೋಗದಿದ್ದರೆ ಮರಿ ನೀರಿನಲ್ಲೇ ಕೊಳೆಯಬೇಕಾಗುತ್ತದೆ. ಅಮೆರಿಕದ ಹರ್ಮನ್ ರಾನ್ ಮತ್ತು ಇಸ್ರೇಲಿನ ಆಮೋಸ್ ಆರ್ ಎಂಬ ವಿಜ್ಞಾನಿಗಳು 1970ರ ದಶಕದಲ್ಲಿ ಬಹಳಷ್ಟು ಜಾತಿಯ ಹಕ್ಕಿಗಳ ಮೊಟ್ಟೆಗಳನ್ನು ತೂಗಿ ನೋಡಿ ಒಂದು ಸ್ವಾರಸ್ಯದ ಸಂಗತಿ ಕಂಡುಕೊಂಡರು: ಮೊಟ್ಟೆ ಸಣ್ಣದಿರಲಿ ದೊಡ್ಡದಿರಲಿ, ಕಾವಿನ ಅವಧಿ ಎರಡು ವಾರವಿರಲಿ ಎರಡು ತಿಂಗಳಿರಲಿ, ಮರಿ ಚಿಪ್ಪೊಡೆಯುವ ಹೊತ್ತಿಗೆ ಮೊಟ್ಟೆ ತನ್ನ ತೂಕದ ಸರಿಸುಮಾರು ಶೇಕಡಾ 15ರಷ್ಟನ್ನು ನೀರಿನ ರೂಪದಲ್ಲಿ ಕಳೆದುಕೊಂಡಿರುತ್ತದೆ.

ಕಳೆದುಹೋದ ನೀರಿನ ಜಾಗದಲ್ಲಿ ಗಾಳಿ ಸೇರಿ, ಮೊಟ್ಟೆಯ ಅಗಲ ತುದಿಯಲ್ಲಿರುವ ಗಾಳಿಕೋಶ ದಿನೇ ದಿನೇ ಹಿಗ್ಗುತ್ತದೆ. ಮರಿ ತನ್ನ ಮೊದಲ ಉಸಿರನ್ನು ಎಳೆಯುವುದು ಈ ಕೋಶದಿಂದ. ಪೆಟ್ಟಿಗೆಯಲ್ಲಿ ತೇವ ಹೆಚ್ಚಾಗಿ ನೀರು ಸಾಕಷ್ಟು ಕಳೆಯದಿದ್ದರೆ ಕೋಶ ಚಿಕ್ಕದಾಗಿಯೇ ಉಳಿಯುತ್ತದೆ, ಮರಿ ಊದಿಕೊಂಡು ತಿರುಗಲು ಜಾಗವಿಲ್ಲದೆ ಉಸಿರುಕಟ್ಟುತ್ತದೆ. ತೇವ ಕಡಿಮೆಯಾದರೆ ಮರಿ ಕೃಶವಾಗಿ, ಒಳಪೊರೆ ಒಣಗಿ ಮೈಗೆ ಅಂಟಿ ಬಿಗಿಯುತ್ತದೆ. ಎರಡೂ ಕಡೆ ಸಾವೇ. ಬಾತುಕೋಳಿಗೆ ನೀರು ಪ್ರಿಯ, ಆದ್ದರಿಂದ ಅದರ ಮೊಟ್ಟೆಗೂ ಎಷ್ಟು ತೇವ ಕೊಟ್ಟರೂ ಒಳ್ಳೆಯದು ಎಂದುಕೊಂಡು ಮೊದಲ ದಿನದಿಂದಲೇ ಪೆಟ್ಟಿಗೆಯಲ್ಲಿ ನೀರು ತುಂಬಿಸುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಮನೆಯ ಪೆಟ್ಟಿಗೆಗಳಲ್ಲಿ ಅತಿ ಹೆಚ್ಚು ಮರಿಗಳನ್ನು ಕೊಂದಿರುವುದು ಈ ಒಳ್ಳೆಯ ಮನಸ್ಸೇ.

ಪುಸ್ತಕಗಳು ಮೊದಲ 25 ದಿನ ಶೇಕಡಾ 55ರಷ್ಟು ಆರ್ದ್ರತೆ ಇರಲಿ ಎನ್ನುತ್ತವೆ. ಆದರೆ ಅಗ್ಗದ ಆರ್ದ್ರತಾಮಾಪಕಗಳನ್ನು ನಂಬುವುದು ಕಷ್ಟ. ತಕ್ಕಡಿಯನ್ನು ನಂಬಬಹುದು. ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 70 ಗ್ರಾಂ ತೂಗುವ ಬಾತುಮೊಟ್ಟೆ 25ನೆಯ ದಿನಕ್ಕೆ ಶೇಕಡಾ 13ರಷ್ಟು, ಅಂದರೆ ಸುಮಾರು 9 ಗ್ರಾಂ ಕಳೆದುಕೊಳ್ಳಬೇಕು. ಹಾಗಾದರೆ 7ನೆಯ ದಿನ ಅದು ಸುಮಾರು 67.5 ಗ್ರಾಂ, 14ನೆಯ ದಿನ 65, 21ನೆಯ ದಿನ 62.5, 25ನೆಯ ದಿನ 61 ಗ್ರಾಂ ಇರಬೇಕು. ಚೌಕಳಿ ಹಾಳೆಯ ಮೇಲೆ ಇದನ್ನು ಒಂದು ಸರಳರೇಖೆಯಾಗಿ ಎಳೆದುಕೊಳ್ಳಿ. ನಿಮ್ಮ ಮೊಟ್ಟೆಗಳ ಸರಾಸರಿ ತೂಕ ರೇಖೆಯ ಮೇಲೆ ಉಳಿದರೆ ನೀರು ಕಡಿಮೆ ಮಾಡಿ, ಕೆಳಗೆ ಇಳಿದರೆ ಹೆಚ್ಚು ಮಾಡಿ. ನೀರಿನ ಬಟ್ಟಲಿನ ಆಳದಿಂದ ತೇವ ಹೆಚ್ಚುವುದಿಲ್ಲ, ಬಾಯಿಯ ಅಗಲದಿಂದ ಹೆಚ್ಚುತ್ತದೆ. 150 ಗ್ರಾಮಿನ ಹೆಬ್ಬಾತಿನ ಮೊಟ್ಟೆಗೆ ಇದೇ ಲೆಕ್ಕವನ್ನು ನೀವೇ ಮಾಡಬಹುದು. 27 ದಿನಕ್ಕೆ ಹೆಚ್ಚುಕಡಿಮೆ 20 ಗ್ರಾಂ ಇಳಿಯಬೇಕು.

ಊರು ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ ಎಂಬುದು ಗಮನಿಸಬೇಕಾದ ವಿಷಯ. ಆಷಾಢದ ಮಂಗಳೂರಿನಲ್ಲಿ ಹೊರಗಿನ ಗಾಳಿ 25 ಡಿಗ್ರಿಯಲ್ಲಿ ಶೇಕಡಾ 90ರಷ್ಟು ತೇವ ಹೊತ್ತಿರುತ್ತದೆ ಎನ್ನಿ. ಅದೇ ಗಾಳಿಯನ್ನು 37.5 ಡಿಗ್ರಿಗೆ ಕಾಯಿಸಿದಾಗ ಅದರ ಸಾಪೇಕ್ಷ ಆರ್ದ್ರತೆ ಸುಮಾರು 45ಕ್ಕೆ ಇಳಿಯುತ್ತದೆ. ಅಂದರೆ ಒಂದು ಹನಿ ನೀರನ್ನೂ ಇಡದೆ ನಿಮಗೆ ಬೇಕಾದುದರ ಬಹುಪಾಲು ಸಿಕ್ಕಿತು. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಹಾಗಲ್ಲ. ಅಲ್ಲಿ ಗಾಳಿ ಒಣಗಿ ಗರಿಗರಿಯಾಗಿರುತ್ತದೆ. ಮೇಲಾಗಿ ಮಧ್ಯಾಹ್ನ ಕೋಣೆಯೇ 40 ಡಿಗ್ರಿಗೆ ಏರಿದರೆ ಬಲ್ಬು ಆರಿಸಿದರೂ ಪೆಟ್ಟಿಗೆ ತಣಿಯುವುದಿಲ್ಲ. ಮನೆಯ ಪೆಟ್ಟಿಗೆಗೆ ಕಾಯಿಸುವುದು ಗೊತ್ತು, ತಣಿಸುವುದು ಗೊತ್ತಿಲ್ಲ. ಬಯಲುಸೀಮೆಯವರು ಈ ಪ್ರಯೋಗವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುವುದು ಲೇಸು.

ಶಾಖ, ತಿರುವು, ತಂಪು

ಬಾತುಮೊಟ್ಟೆಗೆ ಬೇಕಾದ ಶಾಖ ಕೋಳಿಮೊಟ್ಟೆಯದಕ್ಕಿಂತ ಹೆಚ್ಚೇನೂ ಬೇರೆಯಲ್ಲ. ಪಂಖ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್. ಪಂಖ ಇಲ್ಲದಿದ್ದರೆ ಬಿಸಿಗಾಳಿ ಮೇಲೆ, ತಂಪುಗಾಳಿ ಕೆಳಗೆ ಪದರಪದರವಾಗಿ ನಿಲ್ಲುತ್ತದೆ. ಆಗ ಥರ್ಮಾಮೀಟರಿನ ಬುರುಡೆ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿರಬೇಕು, ಅಲ್ಲಿ 38.5ರ ಹತ್ತಿರ ತೋರಿಸಬೇಕು. ಕೋಳಿಮೊಟ್ಟೆಯ ಪಕ್ಕದಲ್ಲಿ ಹೆಬ್ಬಾತಿನ ಮೊಟ್ಟೆಯಿಟ್ಟರೆ ದೊಡ್ಡದರ ನೆತ್ತಿ ಬಲ್ಬಿಗೆ ಹತ್ತಿರವಾಗಿ ಅದು ಹೆಚ್ಚು ಕಾಯುತ್ತದೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಬೆರೆಸದಿರಲು ಇದೂ ಒಂದು ಕಾರಣ. ಹಳೆಯ ಪುಸ್ತಕಗಳನ್ನು ನೋಡಿ ಪೆಟ್ಟಿಗೆ ಮಾಡುವವರಿಗೆ ಇನ್ನೊಂದು ಮಾತು: ಅಲ್ಲಿ ಹೇಳಿರುವ 40 ವ್ಯಾಟಿನ ಬಲ್ಬು ತಂತಿ ಕಾದು ಬೆಳಗುವ ಬಲ್ಬು. ಇಂದಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ.

ಕರೆಂಟು ಹೋದಾಗ ಗಾಬರಿಯಾಗಬೇಡಿ. ಭ್ರೂಣ ಸ್ವಲ್ಪ ಹೊತ್ತಿನ ತಂಪನ್ನು ತಡೆದುಕೊಳ್ಳುತ್ತದೆ. ತಾಯಿಹಕ್ಕಿಯೂ ಮೇಯಲು ಎದ್ದು ಹೋಗುತ್ತದಲ್ಲವೇ? ತಡೆಯಲಾರದ್ದು ಅತಿಶಾಖವನ್ನು. 40 ಡಿಗ್ರಿ ದಾಟಿದ ಕೆಲವೇ ಗಂಟೆಗಳಲ್ಲಿ ಇಡೀ ಪೆಟ್ಟಿಗೆ ಹಾಳಾಗಬಹುದು. ಮೊದಲ ಎರಡು ವಾರಗಳಲ್ಲಿ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬಿಸಿನೀರು ತುಂಬಿದ ಶೀಸೆಯೊಂದನ್ನು ಒಳಗಿಟ್ಟರೆ ಸಾಕು. ಕೊನೆಯ ವಾರದಲ್ಲಿ ಮಾತ್ರ ಗಾಳಿಯ ಕಿಂಡಿ ಮುಚ್ಚುವಂತೆ ಹೊದಿಸಬಾರದು. ಆಗ ಮರಿಗಳಿಗೆ ಶಾಖಕ್ಕಿಂತ ಆಮ್ಲಜನಕದ ಅಗತ್ಯ ಹೆಚ್ಚು.

ಮೊಟ್ಟೆಗಳನ್ನು ದಿನಕ್ಕೆ ಮೂರು ಅಥವಾ ಐದು ಬಾರಿ ತಿರುವಬೇಕು. ಬೆಸ ಸಂಖ್ಯೆ ಏಕೆಂದರೆ ರಾತ್ರಿಯ ದೀರ್ಘ ಹೊತ್ತನ್ನು ಮೊಟ್ಟೆ ಪ್ರತಿದಿನವೂ ಒಂದೇ ಮಗ್ಗುಲಲ್ಲಿ ಕಳೆಯಬಾರದು. ಪೆನ್ಸಿಲಿನಿಂದ ಒಂದು ಕಡೆ ಗುರುತು ಹಾಕಿಕೊಂಡರೆ ಲೆಕ್ಕ ತಪ್ಪುವುದಿಲ್ಲ. ತಿರುವದಿದ್ದರೆ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಕೋಳಿಮೊಟ್ಟೆಗೆಂದು ಮಾಡಿದ ಯಂತ್ರದ ತಟ್ಟೆಗಳು ಹೆಬ್ಬಾತಿನ ದೊಡ್ಡ ಮೊಟ್ಟೆಯನ್ನು ಸಾಕಷ್ಟು ವಾಲಿಸುವುದಿಲ್ಲ; ಅದನ್ನು ಮಲಗಿಸಿಟ್ಟು, ಕೈಯಿಂದಲೇ ಅರ್ಧ ಸುತ್ತು ಹೊರಳಿಸುವುದು ಉತ್ತಮ.

ಕೋಳಿಗೂ ಬಾತಿಗೂ ನಿಜವಾದ ವ್ಯತ್ಯಾಸ ಕಾಣುವುದು ಒಂದು ವಾರ ಕಳೆದ ಮೇಲೆ. ಬಾತು, ಹೆಬ್ಬಾತುಗಳ ಮೊಟ್ಟೆ ದೊಡ್ಡದು. ಅದರಲ್ಲಿ ಹಳದಿಯ ಪಾಲೂ ಕೊಬ್ಬೂ ಹೆಚ್ಚು. ಗಾತ್ರ ಹೆಚ್ಚಿದಂತೆ ಹೊರಮೈಯ ಪ್ರಮಾಣ ಕಡಿಮೆಯಾಗುತ್ತದೆ ಎಂಬ ಗಣಿತ ನಿಮಗೆ ತಿಳಿದದ್ದೇ. ಹೀಗಾಗಿ ಮರಿ ಬೆಳೆದಂತೆ ಒಳಗೇ ಹುಟ್ಟುವ ಶಾಖ ಸುಲಭವಾಗಿ ಹೊರಬೀಳುವುದಿಲ್ಲ. ತಾಯಿಬಾತು ದಿನಕ್ಕೊಮ್ಮೆಯಾದರೂ ಗೂಡು ಬಿಟ್ಟು ನೀರಿಗಿಳಿಯುತ್ತದೆ. ಆ ಹೊತ್ತಿನಲ್ಲಿ ಮೊಟ್ಟೆಗಳು ತಣಿಯುತ್ತವೆ. ಹಿಂದಿರುಗಿದಾಗ ಅದರ ಒದ್ದೆ ಗರಿ ಅವಕ್ಕೆ ಸೋಕುತ್ತದೆ. ನಾವೂ ಎಂಟನೆಯ ದಿನದಿಂದ ಕೊನೆಯ ಮೂರು ದಿನಗಳವರೆಗೆ, ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಪೆಟ್ಟಿಗೆ ತೆರೆದಿಟ್ಟು, ಉಗುರುಬೆಚ್ಚಗಿನ ನೀರನ್ನು ತೆಳ್ಳಗೆ ಚಿಮುಕಿಸಬೇಕು. ಇದು ಮೊಟ್ಟೆಗೆ ನೀರು ಕುಡಿಸುವುದಕ್ಕಲ್ಲ. ಮಣ್ಣಿನ ಹೂಜಿಯಂತೆ, ಮೇಲಿನ ನೀರು ಆವಿಯಾಗುತ್ತಾ ಒಳಗಿನ ಬಿಸಿಯನ್ನು ಒಯ್ಯಲಿ ಎಂದು.

ಮೊಟ್ಟೆಗಳ ಆಯ್ಕೆಯ ವಿಚಾರದಲ್ಲಿ ಎರಡೇ ಮಾತು ಸಾಕು. ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಬೇಸಿಗೆಯಲ್ಲಿ ಮೂರು ನಾಲ್ಕು ದಿನ ಕಳೆದದ್ದೂ ಅನುಮಾನವೇ, ಏಕೆಂದರೆ ಕೋಣೆಯ ಸೆಕೆಯಲ್ಲಿ ಭ್ರೂಣ ಅರೆಬರೆ ಬೆಳೆಯತೊಡಗಿ ಸೊರಗುತ್ತದೆ. ಕೆಸರು ಮೆತ್ತಿದ ಮೊಟ್ಟೆಯನ್ನು ತಣ್ಣೀರಿನಲ್ಲಿ ತೊಳೆಯಬೇಡಿ. ತಣ್ಣೀರಿಗೆ ಒಳಗಿನ ದ್ರವ ಕುಗ್ಗಿ, ಹೊರಗಿನ ರೋಗಾಣುಗಳನ್ನು ರಂಧ್ರಗಳ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ಅಂಥ ಮೊಟ್ಟೆ ಕೊಳೆತು, ಒಳಗೆ ಅನಿಲ ತುಂಬಿ, ಕೊನೆಗೆ ಪೆಟ್ಟಿಗೆಯಲ್ಲೇ ಸಿಡಿದರೆ ಆ ನಾತವನ್ನು ಮನೆಯವರು ಮರೆಯುವುದಿಲ್ಲ. ಏಳೆಂಟನೆಯ ದಿನ ಕತ್ತಲಲ್ಲಿ ಟಾರ್ಚಿಗೆ ಹಿಡಿದು ನೋಡಿ. ಜೇಡದ ಕಾಲುಗಳಂತೆ ರಕ್ತನಾಳ ಹರಡಿದ್ದರೆ ಜೀವವಿದೆ; ಬರಿದಾಗಿದ್ದರೆ, ಇಲ್ಲವೇ ಕೆಂಪು ಬಳೆಯೊಂದೇ ಕಂಡರೆ, ತೆಗೆದುಬಿಡಿ.

ಕೊನೆಯ ಮೂರು ದಿನ

ಬಾತುಮೊಟ್ಟೆಗೆ 25ನೆಯ ದಿನ ಆದಮೇಲೆ ತಿರುವುವುದನ್ನೂ ತಂಪು ಮಾಡುವುದನ್ನೂ ನಿಲ್ಲಿಸಬೇಕು. ಈಗ ತೇವವನ್ನು ಶೇಕಡಾ 70ರಿಂದ 80ರವರೆಗೆ ಏರಿಸಬೇಕು. ಇಷ್ಟು ದಿನ ಬೇಡವೆಂದ ನೀರು ಈಗ ಬೇಕು. ಒಳಪೊರೆ ಮೆದುವಾಗಿರಲಿ ಎಂದು.

ಒಳಗೆ ನಡೆಯುವುದು ಹೀಗೆ. ಮರಿ ಮೊದಲು ಕೊಕ್ಕಿನಿಂದ ಗಾಳಿಕೋಶದ ಪೊರೆಯನ್ನು ಚುಚ್ಚಿ ಶ್ವಾಸಕೋಶದಿಂದ ಉಸಿರಾಡತೊಡಗುತ್ತದೆ. ಕಿವಿಯ ಹತ್ತಿರ ಹಿಡಿದರೆ ಸಣ್ಣ ಟಕಟಕ ಸದ್ದು, ಕೆಲವೊಮ್ಮೆ ಚಿಂವ್‌ಗುಟ್ಟುವುದೂ ಕೇಳುತ್ತದೆ. ಕೋಶದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದಂತೆ ಕತ್ತಿನ ಸ್ನಾಯು ಅದುರಿ, ಕೊಕ್ಕಿನ ತುದಿಯ ಗಟ್ಟಿ ಮೊನೆ ಚಿಪ್ಪಿಗೆ ತಾಗಿ ನಕ್ಷತ್ರದಂಥ ಬಿರುಕು ಮೂಡುತ್ತದೆ. ಆಮೇಲೆ ಏನೂ ನಡೆಯುವುದಿಲ್ಲ. ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ. ಕೋಳಿಮರಿ ಒಂದು ದಿನದೊಳಗೆ ಹೊರಬಂದದ್ದನ್ನು ಕಂಡವರಿಗೆ ಇದು ಸಹಿಸಲಾರದ ಹೊತ್ತು. ಬಾತುಮರಿಗೆ ಬಿರುಕಿನ ನಂತರ ಒಂದೂವರೆ ಎರಡು ದಿನ ಹಿಡಿಯಬಹುದು, ಹೆಬ್ಬಾತಿಗೆ ಇನ್ನೂ ಹೆಚ್ಚು.

ಆ ಹೊತ್ತಿನಲ್ಲಿ ಮರಿ ಸುಮ್ಮನಿಲ್ಲ. ಇದುವರೆಗೆ ಚಿಪ್ಪಿನ ಒಳಗೋಡೆಗೆ ಹರಡಿದ್ದ ರಕ್ತನಾಳಗಳಿಂದ ರಕ್ತ ಮೈಯೊಳಗೆ ಹಿಂದಿರುಗುತ್ತಿದೆ. ಉಳಿದ ಹಳದಿಯ ಚೀಲ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರುತ್ತಿದೆ. ಪಾಪವೆಂದು ನೀವು ಈಗ ಚಿಪ್ಪು ಸುಲಿದರೆ ರಕ್ತ ತುಂಬಿದ ನಾಳ ಹರಿಯುತ್ತದೆ, ಹಳದಿ ಹೊರಗೇ ಉಳಿಯುತ್ತದೆ, ನೀವು ಬಿಡಿಸಿದ ಮರಿ ನಿಮ್ಮ ಅಂಗೈಯಲ್ಲೇ ಸಾಯುತ್ತದೆ. ಪೆಟ್ಟಿಗೆಯ ಮುಚ್ಚಳವನ್ನು ಹತ್ತು ಸಲ ತೆರೆದು ನೋಡುವುದೂ ಕೆಡುಕೇ. ಪ್ರತಿ ಸಲವೂ ಒಳಗಿನ ತೇವ ಹೊರಗೆ ಓಡಿ, ಬಿರುಕಿನಲ್ಲಿ ಕಾಣುವ ಪೊರೆ ಒಣಗಿ ಬಿಗಿಯುತ್ತದೆ.

ಹಾಗಾದರೆ ಎಂದೂ ಕೈಹಚ್ಚಬಾರದೇ? ತೂತು ಬಿದ್ದು ಎರಡು ದಿನ ಕಳೆದು, ಪೊರೆ ಕಂದುಬಣ್ಣಕ್ಕೆ ತಿರುಗಿ ಕಾಗದದಂತೆ ಒಣಗಿ, ಒಳಗೆ ಮರಿ ಇನ್ನೂ ಕೂಗುತ್ತಿದ್ದರೆ ಕೈಹಚ್ಚಬಹುದು. ಹತ್ತಿಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ಪೊರೆಯನ್ನು ತೇವ ಮಾಡಿ, ಗಾಳಿಕೋಶದ ಕಡೆಯ ಚಿಪ್ಪನ್ನಷ್ಟೇ ಚೂರುಚೂರಾಗಿ ತೆಗೆಯಿರಿ. ರಕ್ತದ ಒಂದು ಗೆರೆ ಕಂಡರೂ ಅಲ್ಲಿಗೇ ನಿಲ್ಲಿಸಿ, ಮೊಟ್ಟೆಯನ್ನು ಪೆಟ್ಟಿಗೆಗೆ ಹಿಂದಿರುಗಿಸಿ ಕೆಲವು ಗಂಟೆ ಕಾಯಿರಿ. ಕೊನೆಯ ಒದೆತವನ್ನು ಮರಿಯೇ ಒದೆಯಲಿ.

ಯಂತ್ರದ ತಾಪತ್ರಯ ಬೇಡ ಎನ್ನುವವರಿಗೆ ನಾಟಿ ಹೇಂಟೆ ಇಂದಿಗೂ ಒಳ್ಳೆಯ ದಾರಿ. ಹನ್ನೆರಡು ಕೋಳಿಮೊಟ್ಟೆ ಮುಚ್ಚುವ ಹೇಂಟೆ ಏಳೆಂಟು ಬಾತುಮೊಟ್ಟೆಯನ್ನೋ ನಾಲ್ಕೈದು ಹೆಬ್ಬಾತಿನ ಮೊಟ್ಟೆಯನ್ನೋ ಮುಚ್ಚೀತು. ಹೆಬ್ಬಾತಿನ ಮೊಟ್ಟೆಯನ್ನು ಹೊರಳಿಸುವ ಶಕ್ತಿ ಅದಕ್ಕಿಲ್ಲ. ಅದು ಮೇಯಲು ಎದ್ದಾಗ ನೀವೇ ಹೊರಳಿಸಿ, ನೀರು ಚಿಮುಕಿಸಬೇಕು. ಕೆಲವು ಹೇಂಟೆಗಳು ಮೂರು ವಾರ ಮುಗಿದೊಡನೆ ಬೇಸತ್ತು ಎದ್ದುಬಿಡುತ್ತವೆ, ಆದ್ದರಿಂದ ಕಾವಿಗೆ ಹೊಸದಾಗಿ ಬಂದ ಹೇಂಟೆಯನ್ನೇ ಆರಿಸಿ. ಚೀನಾದಲ್ಲಿ ಬಹು ಹಿಂದಿನಿಂದಲೂ ವಿದ್ಯುತ್ತೇ ಇಲ್ಲದೆ ಬಾತುಮೊಟ್ಟೆಗೆ ಕಾವು ಕೊಡುತ್ತಾ ಬಂದಿದ್ದಾರೆ. ಬಿಸಿ ಮಾಡಿದ ಭತ್ತದ ಹೊಟ್ಟಿನ ನಡುವೆ ಬುಟ್ಟಿಯಲ್ಲಿ ಮೊಟ್ಟೆಗಳನ್ನಿಟ್ಟು, ಕೆಲವು ದಿನಗಳ ಅಂತರದಲ್ಲಿ ಹೊಸ ಮೊಟ್ಟೆಗಳನ್ನು ಸೇರಿಸುತ್ತಾ ಹೋಗುತ್ತಾರೆ. ಬೆಳೆದ ಭ್ರೂಣಗಳಲ್ಲಿ ಹುಟ್ಟುವ ಶಾಖವೇ ಎಳೆಯ ಮೊಟ್ಟೆಗಳನ್ನು ಕಾಯಿಸುತ್ತದೆ. ನಾವು ನೀರು ಚಿಮುಕಿಸಿ ಕಳೆಯುವ ಬಿಸಿಯನ್ನೇ ಅವರು ಇಂಧನ ಮಾಡಿಕೊಂಡರು! ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮಹಿಳೆಯರು ಇದೇ ಹೊಟ್ಟಿನ ವಿಧಾನದಿಂದ ಬಾತುಮರಿ ಮಾಡಿ ಮಾರುತ್ತಾ ಬಂದಿದ್ದಾರೆ.

ಮರಿ ಹೊರಬಂದ ಮೇಲೆ ಇನ್ನೊಂದು ಹೊಣೆ ಇದೆ. ಆಸ್ಟ್ರಿಯಾದ ಕಾನ್ರಾಡ್ ಲೊರೆಂಟ್ಸ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಹೆಬ್ಬಾತಿನ ಮೊಟ್ಟೆಗಳಲ್ಲಿ ಕೆಲವನ್ನು ತಾಯಿಗೆ ಬಿಟ್ಟು, ಉಳಿದವನ್ನು ಕಾವುಪೆಟ್ಟಿಗೆಯಲ್ಲಿಟ್ಟರು. ಪೆಟ್ಟಿಗೆಯ ಮರಿಗಳು ಮೊದಲು ಕಂಡ ಚಲಿಸುವ ಜೀವಿ ಅವರೇ ಆದ್ದರಿಂದ ಅವರನ್ನೇ ತಾಯಿಯೆಂದು ಹಿಂಬಾಲಿಸಿದವು. ಅಚ್ಚೊತ್ತುವಿಕೆ ಎಂದು ಕರೆಯುವ ಈ ವರ್ತನೆಯನ್ನೂ ಒಳಗೊಂಡ ಪ್ರಾಣಿವರ್ತನೆಯ ಅಧ್ಯಯನಕ್ಕೆ ಅವರು 1973ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡರು. ನಿಮ್ಮ ಪೆಟ್ಟಿಗೆಯಲ್ಲಿ ಒಂದೇ ಮರಿ ಉಳಿದರೆ ಅದು ನಿಮ್ಮ ಬೆನ್ನು ಬಿಡುವುದಿಲ್ಲ. ನೀವು ಶಾಲೆಗೆ ಹೋದರೆ ದಿನವಿಡೀ ಕೂಗುತ್ತದೆ. ಹಾಗಾಗಿ ಒಂದೆರಡು ಮೊಟ್ಟೆ ಇಡುವುದಕ್ಕಿಂತ ಏಳೆಂಟು ಇಡಿ, ಮರಿಗೆ ಮರಿ ಜೊತೆಯಾಗಲಿ. ಮೊದಲ ವಾರ ಅವಕ್ಕೆ 30ರಿಂದ 32 ಡಿಗ್ರಿ ಬೆಚ್ಚಗೆ ಬೇಕು. ಈಜಲು ಬಿಡುವ ಆತುರ ಬೇಡ. ತಾಯಿಯಿಲ್ಲದ ಮರಿಯ ತುಪ್ಪಳ ಬೇಗ ತೊಯ್ದು ಚಳಿಹಿಡಿಯುತ್ತದೆ. ಕುಡಿಯುವ ಬಟ್ಟಲು ಕೊಕ್ಕು ಮುಳುಗುವಷ್ಟು ಆಳವಿದ್ದರೆ ಸಾಕು.

ಮೇವಿನಲ್ಲಿ ಕಡಲೆಕಾಯಿ ಹಿಂಡಿ ಬಳಸುವವರು ಎಚ್ಚರವಾಗಿರಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿ ಮರಿಗಳೂ, ಜೊತೆಗೆ ಬಾತುಮರಿಗಳೂ ಸತ್ತಾಗ ಹುಡುಕಿದರೆ, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸಿಕ್ಕಿತು. ಆ ವಿಷಕ್ಕೆ ಬಾತುಮರಿ ಎಷ್ಟು ಸೂಕ್ಷ್ಮವೆಂದರೆ, ಮೇವಿನಲ್ಲಿ ಅದಿದೆಯೇ ಎಂದು ತಿಳಿಯಲು ಆಗಿನ ವಿಜ್ಞಾನಿಗಳು ಒಂದು ದಿನದ ಬಾತುಮರಿಗಳ ಮೇಲೆಯೇ ಪರೀಕ್ಷೆ ಮಾಡುತ್ತಿದ್ದರು. ಮಳೆಗಾಲದಲ್ಲಿ ಮೂಲೆಯಲ್ಲಿ ಇಟ್ಟು ಮರೆತ ಹಿಂಡಿಯನ್ನು ಕೊಡಬೇಡಿ. ಮೊದಲ ದಿನಗಳಿಗೆ ನುಣ್ಣಗೆ ಒಡೆದ ಅಕ್ಕಿನುಚ್ಚನ್ನು ಬೇಯಿಸಿ ಆರಿಸಿ, ಜೊತೆಗೆ ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಕೊಡಬಹುದು. ನಾಲ್ಕೈದು ದಿನಗಳಾದ ಮೇಲೆ ಮರಿಮೇವು, ಸಣ್ಣಗೆ ಹೆಚ್ಚಿದ ಸೊಪ್ಪು. ಮೇವಿನ ಪಕ್ಕದಲ್ಲೇ ನೀರಿರಲಿ. ಬಾತುಮರಿ ಒಂದು ಬಾಯಿ ತಿಂದು ಒಂದು ಬಾಯಿ ಕುಡಿಯುವ ಹಕ್ಕಿ.